ಚಿಕ್ಕಪ್ಪನ ವಿಂಡೋಸ್ 7 ಮತ್ತು ಅದರ ತೆರೆದ ಪೋರ್ಟುಗಳು

ಚಿಕ್ಕಮಗಳೂರು ಕಡೆ ಕಾಫಿ ತೋಟದ ಮನೆಗಳಲ್ಲಿ ಕಂಪ್ಯೂಟರಿಗೆ ರಿಟೈರ್ಮೆಂಟ್ ಅನ್ನೋದೇ ಇಲ್ಲ. ಪೇಟೆಯಲ್ಲಿರುವ ಮಕ್ಕಳು ನಾಲ್ಕೈದು ವರ್ಷಕ್ಕೊಂದು ಲ್ಯಾಪ್‌ಟಾಪ್ ಬದಲಾಯಿಸುತ್ತಾರೆ. ತೋಟದ ಮನೆಯ ಆಫೀಸ್ ರೂಮಿಗೆ ಹೋದರೆ ಮಾತ್ರ ಅದೇ ಹಳೇ ಸಿಪಿಯು, ಅದರ ಮೇಲೆ ಧೂಳಿಗೆ ಅಂತ ಹೊದಿಸಿದ ಟವೆಲ್, ಪಕ್ಕದಲ್ಲಿ ಕರಕರ ಅನ್ನುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್.

ಜಿಪುಣತನ ಅಂತ ನಗಬೇಡಿ. ಕಾರಣ ಇದೆ. ಹತ್ತು ಹದಿನೈದು ವರ್ಷದ ಲೆಕ್ಕ ಟ್ಯಾಲಿಯಲ್ಲಿ ಕೂತಿರುತ್ತದೆ. ತಾಲ್ಲೂಕು ಕಚೇರಿಗೆ, ಬ್ಯಾಂಕಿಗೆ, ಪಂಚಾಯಿತಿಗೆ ಬರೆದ ಅರ್ಜಿಗಳೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಇರುತ್ತವೆ. ಅವನ್ನು ಯೂನಿಕೋಡ್‌ಗೆ ತಿರುಗಿಸುವ ದಾರಿ ಇದೆ, ಆದರೆ ಒತ್ತಕ್ಷರ ಅಲ್ಲಲ್ಲಿ ಕೈಕೊಡುತ್ತದೆ. ಪ್ರಿಂಟರಿನ ಕೇಬಲ್ ಹಿಂಭಾಗದ ಅಗಲ ಪಿನ್ನಿನದು, ಹೊಸ ಕಂಪ್ಯೂಟರಲ್ಲಿ ಆ ಜಾಗವೇ ಇರಲ್ಲ. ಇಷ್ಟೆಲ್ಲ ಇಟ್ಟುಕೊಂಡು "ಹೊಸದು ತಗೊಳ್ಳಿ" ಅನ್ನೋದು ಸುಲಭ. ಆಮೇಲೆ ಒಂದು ವಾರ ಕೂತು ಎಲ್ಲ ಹೊಂದಿಸಿಕೊಡೋದು ಯಾರು?

ಆಲ್ದೂರು ಹತ್ತಿರದ ನಮ್ಮ ಚಿಕ್ಕಪ್ಪನ ಮನೆಯಲ್ಲಿರುವುದು ಇಂಥದ್ದೇ ಒಂದು. ವಿಂಡೋಸ್ 7 ಪ್ರೊಫೆಷನಲ್, 2 ಜಿಬಿ ಮೆಮೊರಿ. ಆಳುಗಳ ಚೆಕ್‌ರೋಲ್, ವಾರದ ಬಟವಾಡೆ, ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಮೂಟೆಗಳ ಲೆಕ್ಕ, ಗೊಬ್ಬರದ ಬಿಲ್ಲು, ಎಲ್ಲವೂ ಅದರೊಳಗೆ. ನಾನು ಕಾಲೇಜಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಹಾಗಾಗಿ ಮೊಬೈಲ್ ಚಾರ್ಜ್ ಆಗದಿದ್ದರೂ, ಟಿವಿ ರಿಮೋಟ್ ಕೆಟ್ಟರೂ ನೆಂಟರ ಮನೆಯಿಂದ ಫೋನ್ ಬರುವುದು ನನಗೇ. ಈ ಸಲ ಕರೆದಿದ್ದು "ಕಂಪ್ಯೂಟರ್ ಸ್ಲೋ ಆಗಿದೆ ಮಾರಾಯ್ತಿ, ಒಂಚೂರು ನೋಡು" ಅಂತ.

ಸ್ಲೋ ಆಗಿದ್ದಕ್ಕೆ ಕಾರಣ ಬೇಗ ಸಿಕ್ಕಿತು. ಎರಡು ಆಂಟಿವೈರಸ್ ಒಂದರ ಮೇಲೊಂದು ಕೂತಿದ್ದವು, ಎರಡರ ಅವಧಿಯೂ ಮುಗಿದಿತ್ತು. ತೆಗೆದು ಹಾಕಿದೆ, ಗಾಡಿ ಸ್ವಲ್ಪ ಓಡಿತು. ಆದರೆ ಹೇಗೂ ಕೂತಿದ್ದೇನಲ್ಲ, ಇನ್ನೊಂದು ನೋಡೋಣ ಅನ್ನಿಸಿತು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಉಚಿತ ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದು 2020ರ ಜನವರಿ 14ಕ್ಕೆ. ಅದೇ ಹೊತ್ತಿಗೆ ಸರಿಯಾಗಿ ಈ ಕಡೆ ಫೈಬರ್ ಬಂತು. ಮುಂಚೆ ಡಾಂಗಲ್ ಸಿಕ್ಕಿಸಿ, ಮೇಲ್ ನೋಡಿ, ಕಿತ್ತಿಡುತ್ತಿದ್ದರು. ಈಗ ರೂಟರ್ ದಿನವಿಡೀ ಮಿಣಮಿಣ ಅನ್ನುತ್ತದೆ. ಅಂದರೆ ಅಪ್‌ಡೇಟ್ ನಿಂತ ವರ್ಷವೇ ಈ ಕಂಪ್ಯೂಟರ್ ಪೂರ್ತಿಯಾಗಿ ಇಂಟರ್ನೆಟ್ಟಿಗೆ ಬಂದು ಕೂತಿದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೇ ಆಗಿದೆ.

ಕಂಪ್ಯೂಟರಿನ ಯಾವ ಯಾವ ಪೋರ್ಟು, ಅಂದರೆ ನೆಟ್‌ವರ್ಕಿನ ಬಾಗಿಲು, ತೆರೆದಿದೆ ಅಂತ ನೋಡೋಕೆ ಕಪ್ಪು ಕಿಟಕಿ ತೆರೆದು, ಅದೇ ಕಮ್ಯಾಂಡ್ ಪ್ರಾಂಪ್ಟ್, ನೆಟ್‌ಸ್ಟ್ಯಾಟ್ ಅಂತ ಟೈಪ್ ಮಾಡಿದೆ. ಅದರ ಮುಂದೆ ಒಂದು ಅಡ್ಡಗೆರೆ ಹಾಕಿ ಎ, ಎನ್, ಒ ಮೂರು ಅಕ್ಷರ ಸೇರಿಸಬೇಕು. ಎಂಟರ್ ಒತ್ತಿದರೆ ಸಾಲು ಸಾಲಾಗಿ ಬರುತ್ತದೆ. ಎಡಗಡೆ ಟಿಸಿಪಿ ಅಥವಾ ಯುಡಿಪಿ, ಅಂದರೆ ಮಾಹಿತಿ ಸಾಗಿಸುವ ಎರಡು ವಿಧಾನಗಳಲ್ಲಿ ಒಂದರ ಹೆಸರು. ಆಮೇಲೆ ವಿಳಾಸ, ಅದರ ಪಕ್ಕ ಕೋಲನ್ ಹಾಕಿ ಒಂದು ನಂಬರ್. ಬಲಗಡೆ ಲಿಸನಿಂಗ್ ಅನ್ನುವ ಪದ. ಕೊನೆಯಲ್ಲಿ ಆ ಸಾಲು ಯಾವ ಪ್ರೋಗ್ರಾಮಿನದು ಅನ್ನುವ ಗುರುತಿನ ಸಂಖ್ಯೆ.

ಚಿಕ್ಕಪ್ಪನ ಕಂಪ್ಯೂಟರಲ್ಲಿ ಬಂದ ಪಟ್ಟಿ ಇದು: 135, 139, 445, 554, 3389, 5357, 9000, 10243. ಅದಾದ ಮೇಲೆ 49152ರಿಂದ ಶುರುವಾಗಿ ಒಂದಷ್ಟು. ಕೆಳಗೆ ಯುಡಿಪಿಯಲ್ಲಿ 137, 138, 1900, 5355, ಇನ್ನೂ ಏನೇನೋ. ಅದರ ಕೆಳಗೆ ಐಪಿವಿ6 ಅನ್ನುವ ಹೊಸ ಬಗೆಯ ವಿಳಾಸದ ಸಾಲುಗಳು ಇದನ್ನೇ ಇನ್ನೊಂದು ಸಲ ಹೇಳುತ್ತಿದ್ದವು. ಹೊರಗಿನಿಂದ ಬರುವುದನ್ನು ತಡೆಯುವ ಫೈರ್‌ವಾಲ್ ನೋಡಿದೆ. ಆಫ್. ಯಾವುದೋ ಕಾಲದಲ್ಲಿ ಯಾವುದೋ ಸಾಫ್ಟ್‌ವೇರ್ ಹಾಕುವಾಗ ಅಡ್ಡ ಬಂತು ಅಂತ ಯಾರೋ ಆಫ್ ಮಾಡಿ ಹೋಗಿದ್ದರು.

"ಏನೇ ಅದು, ಲಾಟರಿ ನಂಬರ್ ತರ?" ಅಂದರು ಚಿಕ್ಕಪ್ಪ.

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಒಂದು ಕಂಪ್ಯೂಟರಿಗೆ ನೆಟ್‌ವರ್ಕಿನಲ್ಲಿ ಒಂದು ವಿಳಾಸ. ಆದರೆ ಒಳಗೆ ಓಡುವ ಪ್ರೋಗ್ರಾಮುಗಳು ಹತ್ತಾರು. ಬಂದ ಮಾಹಿತಿ ಇವುಗಳಲ್ಲಿ ಯಾರಿಗೆ ಸೇರಬೇಕು ಅಂತ ಹೇಳುವ ನಂಬರೇ ಪೋರ್ಟು. ಇದಕ್ಕೆ 16 ಬಿಟ್ ಜಾಗ ಕೊಟ್ಟಿರುವುದರಿಂದ 0ಯಿಂದ 65535ರವರೆಗೆ ನಂಬರ್ ಇವೆ, ಟಿಸಿಪಿಗೆ ಒಂದು ಸೆಟ್, ಯುಡಿಪಿಗೆ ಒಂದು ಸೆಟ್. ವೆಬ್‌ಸೈಟಿಗೆ 80 ಮತ್ತು 443, ಮೇಲ್ ಕಳಿಸೋಕೆ 25, ಹೀಗೆ ಯಾವ ಕೆಲಸಕ್ಕೆ ಯಾವ ನಂಬರ್ ಅಂತ ಒಂದು ಒಪ್ಪಂದ ಇದೆ. ಇಂಟರ್ನೆಟ್ಟಿನ ಮೊದಲ ದಶಕಗಳಲ್ಲಿ ಈ ಪಟ್ಟಿ ನೋಡಿಕೊಂಡವರು ಜಾನ್ ಪೋಸ್ಟೆಲ್ ಅನ್ನುವ ಒಬ್ಬ ಗಡ್ಡದ ಕಂಪ್ಯೂಟರ್ ವಿಜ್ಞಾನಿ. 1998ರಲ್ಲಿ ತೀರಿಕೊಳ್ಳುವವರೆಗೂ ಅದು ಅವರ ಉಸ್ತುವಾರಿಯಲ್ಲೇ ಇತ್ತು. ಜಗತ್ತಿನ ಇಷ್ಟು ದೊಡ್ಡ ವ್ಯವಸ್ಥೆಯ ನಂಬರ್ ಪುಸ್ತಕ ಅಷ್ಟು ವರ್ಷ ಒಬ್ಬ ಮನುಷ್ಯನ ಶಿಸ್ತಿನ ಮೇಲೆ ನಿಂತಿತ್ತು ಅಂತ ಯೋಚಿಸಿದರೆ ನನಗೆ ಈಗಲೂ ಆಶ್ಚರ್ಯ ಆಗುತ್ತದೆ.

ಲಿಸನಿಂಗ್ ಅಂದರೆ, ಈ ನಂಬರಿಗೆ ಹೊರಗಿನಿಂದ ಯಾರಾದರೂ ಬಂದರೆ ಉತ್ತರ ಕೊಡೋಕೆ ಒಂದು ಪ್ರೋಗ್ರಾಮ್ ಕಾಯುತ್ತಾ ಕೂತಿದೆ ಅಂತ. ವಿಳಾಸದ ಜಾಗದಲ್ಲಿ 127.0.0.1 ಇದ್ದರೆ ಚಿಂತೆ ಬೇಡ, ಅದು ಕಂಪ್ಯೂಟರ್ ತನ್ನೊಳಗೇ ಮಾತಾಡಿಕೊಳ್ಳುವುದು. 0.0.0.0 ಅಂತ ಇದ್ದರೆ ಯಾವ ಕಡೆಯಿಂದ ಬಂದರೂ ಉತ್ತರ ಕೊಡುತ್ತೇನೆ ಅಂತ ಅರ್ಥ. ಚಿಕ್ಕಪ್ಪನ ಪಟ್ಟಿಯಲ್ಲಿ ಹೆಚ್ಚಿನವು 0.0.0.0.

ನನ್ನ ತಲೆ ತಿಂದ ಪ್ರಶ್ನೆ ಬೇರೆ. ಇಷ್ಟೆಲ್ಲ ನಂಬರುಗಳಲ್ಲಿ ಕಾಯ್ತಾ ಕೂರು ಅಂತ ಈ ಕಂಪ್ಯೂಟರಿಗೆ ಹೇಳಿದವರು ಯಾರು? ಚಿಕ್ಕಪ್ಪ ಅಂತೂ ಹೇಳಿಲ್ಲ.

ಒಂದೊಂದಾಗಿ ನೋಡುತ್ತಾ ಹೋದರೆ ಪ್ರತಿಯೊಂದರ ಹಿಂದೆಯೂ ಒಂದು ಕಾಲದ ಕಾರಣ ಸಿಗುತ್ತದೆ. 139 ಮತ್ತು 445 ಫೈಲು, ಪ್ರಿಂಟರು ಹಂಚಿಕೊಳ್ಳೋಕೆ. ಹತ್ತು ಕಂಪ್ಯೂಟರ್ ಇರುವ ಆಫೀಸಿನಲ್ಲಿ ಒಬ್ಬರ ಫೈಲು ಇನ್ನೊಬ್ಬರು ತೆಗೆಯಬೇಕಲ್ಲ, ಅದಕ್ಕೆ. ಆಲ್ದೂರಿನ ತೋಟದ ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. 554 ಮತ್ತು 10243 ವಿಂಡೋಸ್ ಮೀಡಿಯಾ ಪ್ಲೇಯರಿನ ಹಾಡು, ವಿಡಿಯೋಗಳನ್ನು ಮನೆಯ ಬೇರೆ ಸಾಧನಗಳಿಗೆ ಹಂಚೋಕೆ. ಚಿಕ್ಕಪ್ಪನ ಹಾಡೆಲ್ಲ ಪೆನ್‌ಡ್ರೈವಿನಲ್ಲಿ, ಅದು ಜೀಪಿನಲ್ಲಿ. 5357 ನೆಟ್‌ವರ್ಕಿನಲ್ಲಿ ಅಕ್ಕಪಕ್ಕ ಯಾವ ಪ್ರಿಂಟರ್ ಇದೆ ಅಂತ ಹುಡುಕುವ ವ್ಯವಸ್ಥೆಯದು. ಮೊದಲ ಸಲ ನೆಟ್ ಕೊಟ್ಟಾಗ ವಿಂಡೋಸ್ 7 ಇದು ಮನೆಯೋ, ಆಫೀಸೋ, ಸಾರ್ವಜನಿಕ ಜಾಗವೋ ಅಂತ ಕೇಳುತ್ತದೆ. ಮನೆಯಲ್ಲಿ ಕೂತವರು ಮನೆ ಅಂತಲೇ ಒತ್ತುತ್ತಾರೆ, ಅಲ್ವಾ? ಹಾಗೆ ಒತ್ತಿದ ಕೂಡಲೇ ಅದು ಸುತ್ತ ಇರುವವರನ್ನೆಲ್ಲ ನೆಂಟರು ಅಂತ ನಂಬಿಬಿಡುತ್ತದೆ. 9000 ಟ್ಯಾಲಿಯದು, ಬೇರೆ ಪ್ರೋಗ್ರಾಮುಗಳು ಅದರಿಂದ ಲೆಕ್ಕ ಎಳೆದುಕೊಳ್ಳಲಿ ಅಂತ.

3389ರ ಕತೆ ಮಾತ್ರ ಬೇರೆ. ಅದು ರಿಮೋಟ್ ಡೆಸ್ಕ್‌ಟಾಪ್. ಬೇರೆ ಊರಲ್ಲಿ ಕೂತು ಈ ಕಂಪ್ಯೂಟರಿನ ಪರದೆ ತೆರೆದು ಕೆಲಸ ಮಾಡುವ ದಾರಿ. ಇದು ತಾನಾಗಿ ತೆರೆಯುವುದಿಲ್ಲ, ಯಾರಾದರೂ ತೆರೆಯಬೇಕು. ಕೇಳಿದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಚಿಕ್ಕಮ್ಮ ಅಡುಗೆಮನೆಯಿಂದಲೇ ನೆನಪು ಮಾಡಿದರು: "ಅದೇ ರೀ, ಲಾಕ್‌ಡೌನ್ ಟೈಮಲ್ಲಿ ಲೆಕ್ಕದ ಹುಡುಗ ಬರೋಕಾಗ್ತಿರಲಿಲ್ವಲ್ಲ, ಮನೆಯಿಂದಲೇ ಮಾಡ್ತೀನಿ ಅಂತ ಏನೋ ಮಾಡ್ಕೊಂಡಿದ್ದ."

ಹೌದು. 2020ರಲ್ಲಿ ಚಿಕ್ಕಮಗಳೂರಿನಿಂದ ಆಲ್ದೂರಿಗೆ ಬರಲಾಗದೆ ಜಿಎಸ್‌ಟಿ ಕೆಲಸ ನಿಂತಿತ್ತು. ಆ ಹುಡುಗ ರಿಮೋಟ್ ಡೆಸ್ಕ್‌ಟಾಪ್ ತೆರೆದ, ರೂಟರಿನಲ್ಲೂ ದಾರಿ ಮಾಡಿದ, ಕೆಲಸ ನಡೆಯಿತು. ಆವತ್ತಿಗೆ ಅದು ಸರಿಯಾದ ಉಪಾಯವೇ. ಆಮೇಲೆ ಲಾಕ್‌ಡೌನ್ ಮುಗಿಯಿತು. ಹುಡುಗ ಬೆಂಗಳೂರಿಗೆ ಕೆಲಸ ಸಿಕ್ಕಿ ಹೋದ. ಈಗ ಲೆಕ್ಕ ನೋಡುವವರು ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಬಂದು ಹೋಗುತ್ತಾರೆ. 3389 ಮಾತ್ರ ಅವನಿಗಾಗಿ ಇನ್ನೂ ಕಾಯುತ್ತಿತ್ತು.

ಹಳೇ ಕಂಪ್ಯೂಟರುಗಳ ಅಸಲಿ ತೊಂದರೆ ಇದೇ ಅಂತ ನನ್ನ ಅಭಿಪ್ರಾಯ. ಸಾಫ್ಟ್‌ವೇರ್ ಹಳೇದಾಗಿರುವುದಕ್ಕಿಂತ ಜಾಸ್ತಿ, ಕಾರಣ ಮುಗಿದುಹೋದ ಏರ್ಪಾಡುಗಳು ಅದರಲ್ಲಿ ಪದರಪದರವಾಗಿ ಉಳಿದಿರುತ್ತವೆ. ತೆರೆಯುವಾಗ ಒಬ್ಬರಿಗೆ ಅವಸರ ಇರುತ್ತದೆ. ಮುಚ್ಚುವಾಗ ಯಾರಿಗೂ ಅವಸರ ಇರಲ್ಲ.

"ಅಲ್ಲ ಮಾರಾಯ್ತಿ, ಇದರಲ್ಲಿ ಏನಿದೆ ಅಂತ ಯಾರು ಬರ್ತಾರೆ? ನನ್ನ ಬಟವಾಡೆ ಲೆಕ್ಕ ತಗೊಂಡು ಏನು ಮಾಡ್ತಾರೆ?" ಅಂದರು ಚಿಕ್ಕಪ್ಪ. ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ಏನೆಂದರೆ, ಯಾರೂ ಬರುವುದಿಲ್ಲ. ಪ್ರೋಗ್ರಾಮ್ ಬರುತ್ತದೆ. ಅದಕ್ಕೆ ಆಲ್ದೂರು ಗೊತ್ತಿಲ್ಲ, ಚಿಕ್ಕಪ್ಪ ಗೊತ್ತಿಲ್ಲ. ಅದು ನಂಬರಿನ ಮೇಲೆ ನಂಬರ್ ನೋಡುತ್ತಾ ಹೋಗುತ್ತದೆ, ಅಷ್ಟೇ. ಐಪಿವಿ4 ಅನ್ನುವ ಹಳೇ ಬಗೆಯಲ್ಲಿ ಒಟ್ಟು ಇರುವುದೇ ಸುಮಾರು 430 ಕೋಟಿ ವಿಳಾಸ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಜಡ್‌ಮ್ಯಾಪ್ ಅನ್ನುವ ಸಾಧನ ಮಾಡಿ, ಒಂದೇ ಕಂಪ್ಯೂಟರ್ ಮತ್ತು ಗಿಗಾಬಿಟ್ ಸಂಪರ್ಕ ಇದ್ದರೆ ಇಷ್ಟೂ ವಿಳಾಸದಲ್ಲಿ ಒಂದು ಪೋರ್ಟು ತೆರೆದಿದೆಯಾ ಅಂತ 45 ನಿಮಿಷದೊಳಗೆ ನೋಡಬಹುದು ಅಂತ ತೋರಿಸಿದರು. ಇಡೀ ಜಗತ್ತು, 45 ನಿಮಿಷ. ಬಾಳೆಹೊನ್ನೂರಿಗೆ ಬಸ್ಸಿನಲ್ಲಿ ಹೋಗೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಬಾಯಲ್ಲಿ ಹೇಳಿದರೆ ನಂಬುವವರಲ್ಲ. ಹಾಗಾಗಿ ವಿಂಡೋಸಿನ ಲೋಕಲ್ ಸೆಕ್ಯುರಿಟಿ ಪಾಲಿಸಿಯಲ್ಲಿ ಸೋತ ಲಾಗಿನ್‌ಗಳನ್ನೂ ಬರೆದಿಡು ಅಂತ ಟಿಕ್ ಹಾಕಿದೆ. ಚಿಕ್ಕಮ್ಮ ಕೊಟ್ಟ ಕಾಫಿ, ಕೋಡುಬಳೆ ಮುಗಿಸಿ ಬಂದು ಈ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದೆವು. 4625 ಅನ್ನುವ ಸಂಖ್ಯೆಯ ಸಾಲುಗಳು ಒಂದರ ಕೆಳಗೊಂದು. ವಿಂಡೋಸಿನಲ್ಲಿ ಆ ಸಂಖ್ಯೆ ಅಂದರೆ ಲಾಗಿನ್ ಪ್ರಯತ್ನ ವಿಫಲ. ಒಂದು ಸಾಲು ತೆರೆದರೆ ಬಳಕೆದಾರನ ಹೆಸರು ಅಡ್ಮಿನಿಸ್ಟ್ರೇಟರ್. ಮುಂದಿನದು ಅಡ್ಮಿನ್. ಆಮೇಲೆ ಟೆಸ್ಟ್. ಆಮೇಲೆ ಯೂಸರ್. ಮತ್ತೆ ಅಡ್ಮಿನಿಸ್ಟ್ರೇಟರ್. ಎರಡು ಪ್ರಯತ್ನದ ನಡುವೆ ಕೆಲವೇ ಸೆಕೆಂಡು. ನಾವು ನೋಡುತ್ತಿದ್ದಂತೆಯೇ ರಿಫ್ರೆಶ್ ಒತ್ತಿದರೆ ಇನ್ನೊಂದಷ್ಟು. ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. "ಈಗಲೂ ಮಾಡ್ತಿದಾರಾ?" ಅಂದರು. ಮಾಡ್ತಿದಾರೆ. ಈ ಕಂಪ್ಯೂಟರಿನ ಪಾಸ್‌ವರ್ಡ್ ಏನು ಅಂತ ಕೇಳಿದೆ. ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಆದರೆ ಕಾಫಿಯ ಒಂದು ಜಾತಿಯ ಹೆಸರು ಅಂದರೆ ನೀವೇ ಊಹಿಸಬಹುದು.

ಇದೇನೂ ಹೊಸ ಕತೆ ಅಲ್ಲ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಅನ್ನುವ ಹುಳ, ಅಂದರೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿ ಹರಡುವ ಕೆಟ್ಟ ಪ್ರೋಗ್ರಾಮ್, ಬಂದಾಗ ನಾನು ಓದುತ್ತಿದ್ದೆ. ಚಿಕ್ಕಮಗಳೂರಿನ ಸೈಬರ್ ಸೆಂಟರಿನಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಕೂತರೆ, ಇದ್ದಕ್ಕಿದ್ದಂತೆ ಒಂದು ಚೌಕ ಬರುತ್ತಿತ್ತು: ಕಂಪ್ಯೂಟರ್ 60 ಸೆಕೆಂಡಿನಲ್ಲಿ ಬಂದ್ ಆಗುತ್ತದೆ. ಐವತ್ತೊಂಬತ್ತು, ಐವತ್ತೆಂಟು ಅಂತ ಇಳಿಯುತ್ತಿತ್ತು. ಸೈಬರಿನ ಅಣ್ಣ ಓಡಿ ಬಂದು ಏನೋ ಟೈಪ್ ಮಾಡಿ ಅದನ್ನು ನಿಲ್ಲಿಸುತ್ತಿದ್ದರು, ನಮಗೆ ಅವರೇ ದೊಡ್ಡ ಮಾಂತ್ರಿಕ. ಆ ಹುಳ ನುಗ್ಗಿದ್ದು ಇದೇ 135ರಿಂದ. ಯಾರೂ ಯಾವ ಲಿಂಕನ್ನೂ ಒತ್ತಿರಲಿಲ್ಲ, ಯಾವ ಫೈಲನ್ನೂ ತೆರೆದಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಇದ್ದದ್ದೇ ಸಾಕಾಗಿತ್ತು. ಮುಂದಿನ ವರ್ಷ ಸಾಸರ್ 445ರಿಂದ ಬಂತು. 2004ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಬಿಟ್ಟಿತು, ಅದರಲ್ಲಿ ಫೈರ್‌ವಾಲ್ ಮೊದಲಿನಿಂದಲೇ ಆನ್ ಆಗಿರುತ್ತಿತ್ತು. ಅಷ್ಟು ಸಣ್ಣ ಬದಲಾವಣೆ, ಆದರೆ ಅಷ್ಟಾಗೋಕೆ ಅಷ್ಟು ಹೊಡೆತ ಬೀಳಬೇಕಾಯಿತು.

2008ರ ಕೊನೆಯಲ್ಲಿ ಕಾನ್‌ಫಿಕರ್, ಮತ್ತೆ 445. 2017ರ ಮೇ 12ಕ್ಕೆ ವಾನಾಕ್ರೈ, ಅದೂ 445. ಫೈಲುಗಳಿಗೆಲ್ಲ ಬೀಗ ಹಾಕಿ 300 ಡಾಲರ್ ಬಿಟ್‌ಕಾಯಿನ್ ಕೇಳಿದ್ದು ಇದೇ. ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳಿಗೆ ಅದು ತಗುಲಿದ್ದು ದೊಡ್ಡ ಸುದ್ದಿಯಾಗಿತ್ತು. ನಮ್ಮ ಹಾಗೇ ಕಾಫಿ ಬೆಳೆಯುವ ವಯನಾಡಿನಲ್ಲಿ ಒಂದು ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳಿಗೂ ಅದು ತಗುಲಿತ್ತು. ಅದು ಹೊಕ್ಕ ಕಂಪ್ಯೂಟರುಗಳಲ್ಲಿ ಬಹುಪಾಲು ವಿಂಡೋಸ್ 7. ತೂತು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮುಂಚೆಯೇ, ಮಾರ್ಚ್ 14ಕ್ಕೇ ಬಂದಿತ್ತು. ಹಾಕಿಕೊಂಡವರು ಬಚಾವ್. ಚಿಕ್ಕಪ್ಪನ ಕಂಪ್ಯೂಟರಲ್ಲಿ ಅದು ಇರಲಿಲ್ಲ. ಡಾಂಗಲ್ ಕಾಲದಲ್ಲಿ ಡೇಟಾ ಖಾಲಿಯಾಗುತ್ತೆ ಅಂತ ಅಪ್‌ಡೇಟನ್ನೇ ನಿಲ್ಲಿಸಿದ್ದರು. 3389ರ ಬ್ಲೂಕೀಪ್ ತೂತಿಗೆ 2019ರ ಮೇ ತಿಂಗಳಲ್ಲಿ ಬಂದ ಅಪ್‌ಡೇಟೂ ಇರಲಿಲ್ಲ. ಆ ತೂತು ಎಷ್ಟು ದೊಡ್ಡದೆಂದರೆ, ಐದು ವರ್ಷದ ಹಿಂದೆಯೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಮತ್ತೆ ಅಪ್‌ಡೇಟ್ ಕೊಟ್ಟಿತ್ತು. ಎರಡನ್ನೂ ಪೆನ್‌ಡ್ರೈವಿನಲ್ಲಿ ತಂದು ಹಾಕಿದೆ.

ಇಲ್ಲಿ ಒಂದು ಮಾತು. ಮನೆಯೊಳಗಿನ ಕಂಪ್ಯೂಟರಿನ ಪೋರ್ಟು ತೆರೆದಿದೆ ಅಂದ ಮಾತ್ರಕ್ಕೆ ಅದು ಜಗತ್ತಿಗೆಲ್ಲ ಕಾಣುತ್ತದೆ ಅಂತಲ್ಲ. ಮಧ್ಯ ರೂಟರ್ ಇದೆ. ಮನೆಯೊಳಗಿನ ವಿಳಾಸ 192.168 ಅಂತ ಶುರುವಾಗುವಂಥದ್ದು, ಅದು ಹೊರಗೆ ನಡೆಯುವುದಿಲ್ಲ. ಒಳಗಿನಿಂದ ಕೇಳಿದ್ದಕ್ಕೆ ಬಂದ ಉತ್ತರವನ್ನು ರೂಟರ್ ಒಳಗೆ ಬಿಡುತ್ತದೆ, ಹೊರಗಿನಿಂದ ತಾನಾಗಿ ಬಂದದ್ದನ್ನು ಯಾರಿಗೆ ಕೊಡಬೇಕೆಂದು ಗೊತ್ತಾಗದೆ ಬಿಸಾಕುತ್ತದೆ. ಎಷ್ಟೋ ಮನೆಗಳು ಇಷ್ಟು ವರ್ಷ ಬಚಾವಾಗಿರುವುದು ಈ ಒಂದೇ ಕಾರಣಕ್ಕೆ. ಕೆಲವು ಸಂಪರ್ಕಗಳಲ್ಲಿ ಕಂಪನಿಯವರೇ ನೂರಾರು ಮನೆಗಳನ್ನು ಒಂದು ವಿಳಾಸದ ಹಿಂದೆ ಇಟ್ಟಿರುತ್ತಾರೆ. ರೂಟರಿನ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ ನಿಮ್ಮದೂ ಹಾಗೇ.

ಆದರೆ ಈ ರಕ್ಷಣೆ ಮೂರು ಕಡೆ ತಪ್ಪಿಹೋಗಬಹುದು. ಯಾರಾದರೂ ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಹಾಕಿದ್ದರೆ, ಅಂದರೆ ಈ ಪೋರ್ಟಿಗೆ ಬಂದದ್ದನ್ನು ಒಳಗಿನ ಇಂಥ ಸಾಧನಕ್ಕೆ ಕೊಡು ಅಂತ ಹೇಳಿಟ್ಟಿದ್ದರೆ. ಯುಪಿಎನ್‌ಪಿ ಆನ್ ಇದ್ದು ಒಳಗಿನ ಯಾವುದೋ ಸಾಧನ ನಮ್ಮನ್ನು ಕೇಳದೆ ದಾರಿ ಮಾಡಿಕೊಂಡಿದ್ದರೆ. ಅಥವಾ ಐಪಿವಿ6 ಬಂದಿದ್ದು, ರೂಟರಿನಲ್ಲಿ ಅದರ ಫೈರ್‌ವಾಲ್ ಆಫ್ ಇದ್ದರೆ. ಐಪಿವಿ6ರಲ್ಲಿ ವಿಳಾಸದ ಬರ ಇಲ್ಲ, ಹಾಗಾಗಿ ಒಳಗಿನ ಪ್ರತಿ ಸಾಧನಕ್ಕೂ ಹೊರಗೆ ನಡೆಯುವ ಸ್ವಂತ ವಿಳಾಸ ಸಿಗುತ್ತದೆ, ಮರೆ ತಾನಾಗಿ ಸಿಗುವುದಿಲ್ಲ. ಈ ಮೂರನೆಯದನ್ನು ನೋಡುವವರು ಬಹಳ ಕಮ್ಮಿ.

ಚಿಕ್ಕಪ್ಪನ ರೂಟರಿನ ಪುಟ ತೆರೆದರೆ ಫಾರ್ವರ್ಡಿಂಗ್ ಪಟ್ಟಿಯಲ್ಲಿ ಎರಡು ಸಾಲು. ಒಂದು 3389, ನೇರ ಕಂಪ್ಯೂಟರಿಗೆ. ಇನ್ನೊಂದು ಕ್ಯಾಮೆರಾದ ಚಿತ್ರ ತುಂಬಿಡುವ ಡಬ್ಬಕ್ಕೆ, ಅದೇ ಡಿವಿಆರ್‌ಗೆ. ಕಣದಲ್ಲಿ ಕಾಫಿ ಒಣಗುವಾಗ ರಾತ್ರಿ ಕಳುವಾಗುವುದು ನಮ್ಮ ಕಡೆ ಗೊತ್ತಿರುವ ವಿಷಯ, ಮೆಣಸಿಗೆ ರೇಟು ಬಂದ ಮೇಲಂತೂ ಕೇಳೋದೇ ಬೇಡ. ಅದಕ್ಕೇ ಕ್ಯಾಮೆರಾ. ಫೋನಲ್ಲಿ ನೋಡಬೇಕು ಅಂತ ಹೇಳಿದ್ದಕ್ಕೆ ಹಾಕಿದವರು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಹೊರಗಿನ ವಿಳಾಸ, ಮಾಡಿಸಿ, ಫಾರ್ವರ್ಡಿಂಗ್ ಕೊಟ್ಟು ಹೋಗಿದ್ದರು. ಪಾಸ್‌ವರ್ಡ್ ಫ್ಯಾಕ್ಟರಿಯಿಂದ ಬಂದದ್ದೇ. 2016ರಲ್ಲಿ ಮಿರಾಯ್ ಅನ್ನುವ ಇನ್ನೊಂದು ಹುಳ ಬೆಳೆದದ್ದು ಇಂಥ ಕ್ಯಾಮೆರಾ, ಡಿವಿಆರ್, ರೂಟರುಗಳಿಂದಲೇ. ಅರವತ್ತರ ಸುಮಾರು ಸಿದ್ಧ ಪಾಸ್‌ವರ್ಡುಗಳ ಪಟ್ಟಿ ಹಿಡಿದು, ದೂರದಿಂದ ಲಾಗಿನ್ ಆಗುವ ಹಳೇ ದಾರಿಯಾದ ಟೆಲ್‌ನೆಟ್ ಪೋರ್ಟು 23ರಲ್ಲಿ ಒಂದೊಂದೇ ಹೇಳಿ ನೋಡುತ್ತಿತ್ತು, ಅಷ್ಟೇ ಅದರ ಬುದ್ಧಿ. ಅಷ್ಟು ಬುದ್ಧಿಯಲ್ಲೇ ಲಕ್ಷಾಂತರ ಸಾಧನ ಹಿಡಿಯಿತು. ಆ ವರ್ಷ ಅಕ್ಟೋಬರ್ 21ಕ್ಕೆ ವೆಬ್‌ಸೈಟಿನ ಹೆಸರಿಗೆ ನಂಬರ್ ವಿಳಾಸ ಹುಡುಕಿಕೊಡುವ ಡೈನ್ ಅನ್ನುವ ಸಂಸ್ಥೆಯ ಮೇಲೆ ಬಿದ್ದು, ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟುಗಳೇ ಸಿಗದಂತೆ ಮಾಡಿತು.

ಎರಡೂ ಸಾಲು ಅಳಿಸಿದೆ. ಯುಪಿಎನ್‌ಪಿ ಆಫ್. ಐಪಿವಿ6 ಫೈರ್‌ವಾಲ್ ಆನ್ ಇತ್ತು, ಪುಣ್ಯ. ರೂಟರಿನ ಪಾಸ್‌ವರ್ಡೂ ಅಡ್ಮಿನ್ ಅಂತಲೇ ಇತ್ತು, ಅದನ್ನೂ ಬದಲಾಯಿಸಿದೆ. ಕಂಪ್ಯೂಟರಿನ ಲಾಗ್‌ನಲ್ಲಿ 4625 ಬರುವುದು ಅಲ್ಲಿಗೇ ನಿಂತಿತು. ನಿಜ ಹೇಳಬೇಕೆಂದರೆ ದೊಡ್ಡ ಅಪಾಯ ಅಲ್ಲಿಗೇ ಮುಗಿಯಿತು. ಉಳಿದದ್ದು ಒಳಗಿನ ಕೆಲಸ. ಮನೆಗೆ ಬರುವ ನೆಂಟರ ಫೋನು, ಲ್ಯಾಪ್‌ಟಾಪುಗಳೂ ಅದೇ ವೈಫೈಗೆ ಸೇರುತ್ತವಲ್ಲ. ಅವುಗಳಲ್ಲಿ ಒಂದಕ್ಕೆ ಏನಾದರೂ ಹತ್ತಿದ್ದರೆ ರೂಟರ್ ಅಡ್ಡ ಬರುವುದಿಲ್ಲ.

ಪೋರ್ಟು ಮುಚ್ಚುವುದರಲ್ಲಿ ಎರಡು ಬಗೆ. ಗೇಟು ಕಿತ್ತು ಆ ಜಾಗಕ್ಕೆ ಗೋಡೆ ಕಟ್ಟುವುದು ಒಂದು, ಗೇಟು ಇರಲಿ ಅಂತ ಅಲ್ಲಿ ಕಾವಲು ಕೂರಿಸುವುದು ಇನ್ನೊಂದು. ಕಾಯುತ್ತಾ ಕೂತ ಪ್ರೋಗ್ರಾಮನ್ನೇ ನಿಲ್ಲಿಸಿದರೆ ಮೊದಲನೆಯದು. ಫೈರ್‌ವಾಲ್ ಎರಡನೆಯದು. ಸಾಧ್ಯವಾದಲ್ಲೆಲ್ಲ ಮೊದಲನೆಯದೇ ಒಳ್ಳೆಯದು ಅಂತ ನನ್ನ ವಾದ. ಯಾಕೆಂದರೆ ಫೈರ್‌ವಾಲನ್ನು ನಾಳೆ ಇನ್ಯಾರೋ ಬಂದು ಆಫ್ ಮಾಡಬಹುದು, ಇಲ್ಲಿ ಆಗಿದ್ದೂ ಅದೇ ತಾನೆ.

ಮೀಡಿಯಾ ಪ್ಲೇಯರ್ ನೆಟ್‌ವರ್ಕ್ ಶೇರಿಂಗ್ ಸರ್ವಿಸನ್ನು ಸರ್ವಿಸ್ ಪಟ್ಟಿಯಲ್ಲಿ ಡಿಸೇಬಲ್ ಮಾಡಿದೆ. 554 ಹೋಯಿತು, 10243 ಹೋಯಿತು. ನೆಟ್‌ವರ್ಕ್ ಡಿಸ್ಕವರಿ ನಿಲ್ಲಿಸಿದೆ. ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗಿನಲ್ಲಿ ಒಳಗೆ ಒಳಗೆ ಹೋದರೆ ವಿನ್ಸ್ ಅಂತ ಒಂದು ಟ್ಯಾಬ್ ಇದೆ. ಅಲ್ಲಿ ನೆಟ್‌ಬಯಾಸ್ ಅನ್ನುವ ಹಳೇ ನೆಟ್‌ವರ್ಕ್ ವ್ಯವಸ್ಥೆ ಬೇಡ ಅಂದರೆ 137, 138, 139 ಮೂರೂ ಹೋಗುತ್ತವೆ. ರಿಮೋಟ್ ಡೆಸ್ಕ್‌ಟಾಪ್‌ಗೆ ಅನುಮತಿ ಇಲ್ಲ ಅಂತ ಒತ್ತಿದೆ. 3389 ಪಟ್ಟಿಯಿಂದ ಮಾಯ.

445 ಹಟಮಾರಿ. ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎದುರಿನ ಟಿಕ್ ತೆಗೆದು, ಸರ್ವರ್ ಅನ್ನುವ ಸರ್ವಿಸ್ ನಿಲ್ಲಿಸಿ, ಫೈಲ್ ಹಂಚುವ ಹಳೇ ವಿಧಾನವಾದ ಎಸ್‌ಎಂಬಿ 1 ಅನ್ನು ರಿಜಿಸ್ಟ್ರಿಯಲ್ಲಿ ಆಫ್ ಮಾಡಿ, ಇಷ್ಟೆಲ್ಲ ಬೇಕಾಯಿತು. ಪ್ರಿಂಟರ್ ಏನಾದರೂ ಮುನಿಸಿಕೊಳ್ಳುತ್ತದಾ ಅಂತ ಒಂದು ಬಟವಾಡೆ ಪಟ್ಟಿ ಪ್ರಿಂಟ್ ಕೊಟ್ಟು ನೋಡಿದೆವು. ಕರಕರ ಅಂತ ಬಂತು. ಅದು ಕೇಬಲ್ಲಿನಲ್ಲಿ ಇರುವುದರಿಂದ ಅದಕ್ಕೂ ನೆಟ್‌ವರ್ಕಿಗೂ ಸಂಬಂಧವೇ ಇಲ್ಲ. ಒಂದು ಸರ್ವಿಸ್ ನಿಲ್ಲಿಸಿದ ಮೇಲೆ ಒಂದು ಸಲ ರೀಸ್ಟಾರ್ಟ್ ಮಾಡಿ, ಟ್ಯಾಲಿ, ನುಡಿ, ಪ್ರಿಂಟರ್ ಮೂರೂ ಓಡುತ್ತವಾ ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕಬೇಕು. ಒಟ್ಟಿಗೆ ಹತ್ತು ನಿಲ್ಲಿಸಿದರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ. ಈ ಹಳೇ ಡಬ್ಬದಲ್ಲಿ ಪ್ರತಿ ರೀಸ್ಟಾರ್ಟಿಗೂ ಒಂದು ಕಾಫಿ ಆಗುತ್ತದೆ, ಅದು ಬೇರೆ ಮಾತು.

135 ಮತ್ತು 49152ರ ಮೇಲಿನವು ಮುಚ್ಚುವಂಥವಲ್ಲ. ಇವು ಆರ್‌ಪಿಸಿ, ವಿಂಡೋಸಿನ ಒಳಗಿನ ಭಾಗಗಳು ಒಂದಕ್ಕೊಂದು ಮಾತಾಡುವ ವ್ಯವಸ್ಥೆ. ಅದನ್ನು ನಿಲ್ಲಿಸಿದರೆ ವಿಂಡೋಸೇ ಕೂರುತ್ತದೆ. ಹೊರಗಿನವರಿಗೆ ಅಲ್ಲಿ ಏನೂ ಕೆಲಸವಿಲ್ಲ, ಆದರೂ 0.0.0.0. ಇವಕ್ಕೆ ಫೈರ್‌ವಾಲೇ ಗತಿ. ಆನ್ ಮಾಡಿ, ಈ ನೆಟ್‌ವರ್ಕ್ ಮನೆ ಅಲ್ಲ, ಸಾರ್ವಜನಿಕ ಜಾಗ ಅಂತ ಬದಲಾಯಿಸಿದೆ. "ನಮ್ಮ ಮನೇನ ಬಸ್ ಸ್ಟ್ಯಾಂಡ್ ಮಾಡಿಬಿಟ್ಟೆಯಲ್ಲೇ" ಅಂದರು ಚಿಕ್ಕಪ್ಪ. ಹಳೇ ವಿಂಡೋಸಿಗೆ ಎಲ್ಲ ಕಡೆಯೂ ಬಸ್ ಸ್ಟ್ಯಾಂಡ್ ಅಂತ ತಿಳಿದುಕೊಳ್ಳೋದೇ ಕ್ಷೇಮ. ಟ್ಯಾಲಿಯ 9000ಕ್ಕೆ ಯಾವತ್ತೋ ಕೊಟ್ಟಿದ್ದ ಅನುಮತಿಯನ್ನೂ ಅಲ್ಲೇ ತೆಗೆದೆ. ಟ್ಯಾಲಿ ಓಡುವುದು ಒಂದೇ ಕಂಪ್ಯೂಟರಲ್ಲಿ, ಅದಕ್ಕೆ ಹೊರಗಿನ ಗಿರಾಕಿ ಬೇಕಿಲ್ಲ.

ಕೊನೆಗೆ ನನ್ನ ಲ್ಯಾಪ್‌ಟಾಪಿನಿಂದ, ಬೇರೆ ಕಂಪ್ಯೂಟರಿನ ಪೋರ್ಟುಗಳನ್ನು ತಟ್ಟಿ ನೋಡುವ ಎನ್‌ಮ್ಯಾಪ್ ಓಡಿಸಿದೆ. 1997ರಿಂದ ಇರುವ ಉಚಿತ ಸಾಧನ, ಪಾಠ ಮಾಡುವಾಗಲೂ ಇದನ್ನೇ ತೋರಿಸುತ್ತೇನೆ. ನಮ್ಮ ಸ್ವಂತ ಸಾಧನಗಳ ಮೇಲೆ ಮಾತ್ರ ಓಡಿಸಬೇಕು, ಪಕ್ಕದವರ ಮೇಲೆ ಪ್ರಯೋಗ ಮಾಡಿದರೆ ಕಾನೂನಿನ ಪ್ರಶ್ನೆ ಬರುತ್ತದೆ. ಹೆಚ್ಚು ಬಳಕೆಯಲ್ಲಿರುವ 1000 ಪೋರ್ಟುಗಳನ್ನು ಅದು ತಾನೇ ನೋಡುತ್ತದೆ. ತೆರೆದ ಪೋರ್ಟಿನಿಂದ ಬನ್ನಿ ಅಂತ ಉತ್ತರ ಬರುತ್ತದೆ. ಮುಚ್ಚಿದ ಪೋರ್ಟಿನಿಂದ ಇಲ್ಲಿ ಯಾರೂ ಇಲ್ಲ ಅಂತ ಉತ್ತರ. ಫೈರ್‌ವಾಲ್ ಹಿಂದಿನದರಿಂದ ಉತ್ತರವೇ ಇಲ್ಲ, ಅದನ್ನು ಫಿಲ್ಟರ್ಡ್ ಅನ್ನುತ್ತಾರೆ. ಮೊದಲು ಓಡಿಸಿದಾಗ ಉದ್ದ ಪಟ್ಟಿ ಬಂದಿತ್ತು. ಈ ಸಲ 1000ವೂ ಫಿಲ್ಟರ್ಡ್.

ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಬಹುದಿತ್ತಲ್ಲ ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಹಾಕಬಹುದು. ಹಗುರವಾದ ಲಿನಕ್ಸ್ 2 ಜಿಬಿಯಲ್ಲೂ ಚೆನ್ನಾಗಿ ಓಡುತ್ತದೆ. ಯುಎಫ್‌ಡಬ್ಲ್ಯೂ ಅನ್ನುವ ಫೈರ್‌ವಾಲ್ ಒಂದೇ ಸಾಲಿನಲ್ಲಿ ಆನ್ ಆಗುತ್ತದೆ, ಹೊರಗಿನಿಂದ ಬರುವುದನ್ನೆಲ್ಲ ತಡೆಯುತ್ತದೆ. ಬರೀ ಮೇಲ್, ಯೂಟ್ಯೂಬ್ ನೋಡುವ ಮನೆಯಾಗಿದ್ದರೆ ನಾನೂ ಅದನ್ನೇ ಹಾಕುತ್ತಿದ್ದೆ. ಟ್ಯಾಲಿ ವಿಂಡೋಸಿಗೆ ಮಾಡಿದ್ದು, ಅದು ಇರುವ ಮನೆಯಲ್ಲಿ ಆ ಮಾತು ಎತ್ತುವುದು ವ್ಯರ್ಥ.

ಪೋರ್ಟು ಮುಚ್ಚಿದ್ದರಿಂದ ಎಲ್ಲ ಸರಿಹೋಯಿತು ಅಂತ ಚಿಕ್ಕಪ್ಪನಿಗೆ ನಾನು ಹೇಳಿಲ್ಲ. ಪೋರ್ಟು ಅನ್ನುವುದು ಹೊರಗಿನಿಂದ ತಾನಾಗಿ ಬರುವವರ ದಾರಿ. ನಾವೇ ಹೋಗಿ ಕರೆದುಕೊಂಡು ಬರುವುದಕ್ಕೆ ಅದು ಅಡ್ಡಿಯಲ್ಲ. ಹಳೇ ಬ್ರೌಸರಿನಲ್ಲಿ ತೆರೆದ ವೆಬ್‌ಸೈಟು, ಕೊರಿಯರ್ ಬಿಲ್ ಅಂತ ಬಂದ ಮೇಲ್, ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿಸಿ ತಂದ ಪೆನ್‌ಡ್ರೈವ್, ಇವುಗಳಿಗೆ 445 ಮುಚ್ಚಿದ್ದರೇನು ಬಿಟ್ಟಿದ್ದರೇನು. ಕ್ರೋಮ್ ಬ್ರೌಸರ್ ವಿಂಡೋಸ್ 7 ಅನ್ನು 2023ರಲ್ಲೇ ಕೈಬಿಟ್ಟಿದೆ. ಹಾಗಾಗಿ ನಾನು ಕೇಳಿದ್ದು ಒಂದೇ: ಇದರಲ್ಲಿ ಇನ್ನು ಬ್ಯಾಂಕ್ ಬೇಡ, ಮೇಲ್ ಬೇಡ, ಅದಕ್ಕೆಲ್ಲ ಫೋನ್ ಇದೆ. ಇದು ಲೆಕ್ಕಕ್ಕೆ ಮಾತ್ರ. ಜಿಎಸ್‌ಟಿ ಫೈಲ್ ಮಾಡುವ ದಿನ ಲೆಕ್ಕದವರು ತಮ್ಮ ಲ್ಯಾಪ್‌ಟಾಪ್ ತರುತ್ತಾರೆ.

"ಹಾಗಾದ್ರೆ ಇದಕ್ಕೆ ನೆಟ್ ಯಾಕೆ?" ಅಂದರು ಚಿಕ್ಕಪ್ಪ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಮಕ್ಕಳಿಂದ ಹಿಡಿದು ಎಲ್ಲರೂ ಓಡುವುದು ವೈರ್ ಕೀಳೋಕೆ. ಸಿಡಿಲಿಗೆ ಮೋಡೆಮ್ ಸುಟ್ಟವರ ಮನೆ ಪ್ರತಿ ಊರಲ್ಲೂ ಇದೆ. ಚಿಕ್ಕಪ್ಪ ಎದ್ದು, ಸಿಪಿಯು ಹಿಂದೆ ಕೈ ಹಾಕಿ, ಅದೇ ಅಭ್ಯಾಸದಲ್ಲಿ ನೀಲಿ ವೈರ್ ಕಿತ್ತು ಕಿಟಕಿಯ ಮೇಲಿಟ್ಟರು. ಅಷ್ಟು ಹೊತ್ತು ನಾನು ಮಾಡಿದ್ದೆಲ್ಲ ದಂಡ ಅಂತಲ್ಲ. ಮಗ ಬೆಂಗಳೂರಿನಿಂದ ಬಂದಾಗ ಯಾವುದೋ ಅವಸರಕ್ಕೆ ಆ ವೈರ್ ಮತ್ತೆ ಸಿಕ್ಕಿಸಿಯೇ ಸಿಕ್ಕಿಸುತ್ತಾನೆ, ಕೀಳುವುದು ಮರೆಯುತ್ತಾನೆ. ಆಗ ಬೇಕಾಗುತ್ತದೆ.

ಉಳಿದದ್ದು ಡಿವಿಆರ್. ಫಾರ್ವರ್ಡಿಂಗ್ ತೆಗೆದ ಮೇಲೆ ಫೋನಲ್ಲಿ ಕಣ ಕಾಣುವುದು ನಿಂತಿತು, ರಾತ್ರಿಯೇ ಫೋನ್ ಬಂತು. ತಯಾರಕರ ಆ್ಯಪ್ ಮೂಲಕ ನೋಡುವ ಹಾಗೆ ಮಾಡಿಕೊಟ್ಟಿದ್ದೇನೆ. ಅದರಲ್ಲಿ ಡಿವಿಆರೇ ಒಳಗಿನಿಂದ ಹೊರಗೆ ಸಂಪರ್ಕ ಮಾಡುತ್ತದೆ, ನಮ್ಮ ಕಡೆ ಯಾವ ಪೋರ್ಟೂ ತೆರೆಯಬೇಕಿಲ್ಲ. ಆದರೆ ನಮ್ಮ ಕಣದ ಚಿತ್ರ ಎಲ್ಲೋ ಇರುವ ಇನ್ಯಾರದೋ ಸರ್ವರ್ ಸುತ್ತಿ ಬರುತ್ತದೆ, ಅದು ನನಗೆ ಪೂರ್ತಿ ಸಮಾಧಾನ ಇಲ್ಲ. ಡಿವಿಆರ್‌ಗೆ ತಯಾರಕರಿಂದ ಹೊಸ ಸಾಫ್ಟ್‌ವೇರ್ ಬರುವುದೂ ನಿಂತಿದೆ. ಬದಲಾಯಿಸೋದು ಅಂತ ಮಾತಾಗಿದೆ. ಮೆಣಸು ಮಾರಿದ ಮೇಲೆ.